ಹವ್ಯಾಸದ ಸಾಲಿನಲ್ಲಿ ಪಾರಿವಾಳ

ವಿನೋಬನಗರದ ಮೇನ್ ರೋಡಿನಲ್ಲಿ ನಾನು ಜೆರಾಕ್ಸ್ ಮಾಡಿಸುವ ಅಂಗಡಿಯೊಂದಿದೆ. ಪಹಣಿ, ಆಧಾರ್, ಗೃಹಪ್ರವೇಶದ ಕಾರ್ಡು ಎಲ್ಲವೂ ಅಲ್ಲೇ. ಲಗ್ನದ ಸೀಜನ್ ಬಂತೆಂದರೆ ಮಾತ್ರ ಉಳಿದದ್ದೆಲ್ಲ ಹಿಂದಕ್ಕೆ, ಬಯೋಡೇಟಾ ಮುಂದಕ್ಕೆ. ಈಚೆಗೊಂದು ಸಂಜೆ ನನ್ನ ಸರದಿಗೆ ಕಾಯುತ್ತ ನಿಂತಿದ್ದಾಗ ಮುಂದೆ ಒಬ್ಬ ಹಿರಿಯರಿದ್ದರು, ಪಕ್ಕದಲ್ಲಿ ಮದುವೆಗೆ ಬಂದ ಮಗ. ಟೈಪ್ ಮಾಡುತ್ತಿದ್ದ ಹುಡುಗ ಹಿಂದಿನ ಗಿರಾಕಿಯ ಫೈಲನ್ನೇ ತೆರೆದು, ಹೆಸರು ಅಳಿಸಿ ಹೆಸರು, ಊರು ಅಳಿಸಿ ಊರು ಹಾಕುತ್ತ ಕೆಳಗಿಳಿದು ಬಂದ. "ಹವ್ಯಾಸ ಏನ್ ಹಾಕ್ಲಿ ಸರ್?" "ಇರೋದ್ನೇ ಬಿಡಪ್ಪ," ಅಂದರು ಹಿರಿಯರು. ಇದ್ದದ್ದು: ಪುಸ್ತಕ ಓದುವುದು, ಸಂಗೀತ ಕೇಳುವುದು, ಪ್ರವಾಸ.

ಮಗ ಮೆಲ್ಲಗೆ, "ಪಾರಿವಾಳ ಸಾಕೋದು ಅಂತ ಹಾಕ್ರಿ," ಎಂದ.

"ಲೇ, ಪಾರಿವಾಳ ಅಂತ ಹಾಕಿದ್ರೆ ಯಾರ್ ಹೆಣ್ಣು ಕೊಡ್ತಾರಲೇ?"

ಟೈಪಿಂಗ್ ಹುಡುಗ ರಾಜಿ ಮಾಡಿಸಿದ. "ಪಕ್ಷಿ ವೀಕ್ಷಣೆ ಅಂತ ಹಾಕ್ತೀನಿ ಸರ್. ಡೀಸೆಂಟಾಗಿರ್ತೈತಿ."

ಬಯೋಡೇಟಾ ನಮ್ಮ ಕಾಲದ ಅತಿ ಹೆಚ್ಚು ಬರೆಯಲ್ಪಡುವ ಆತ್ಮಕಥನ. ಅದನ್ನು ಯಾರೂ ವಿಮರ್ಶೆ ಮಾಡಿದ್ದು ಕಾಣೆ. ಮಾಡಿದರೆ ಮೊದಲು ಒಪ್ಪಬೇಕಾದ್ದು, ಅದರ ಮೇಲಿನ ಅರ್ಧ ಚೆನ್ನಾಗಿಯೇ ಇರುತ್ತದೆ ಎಂಬುದು. ಮನೆದೇವರು ಕೊಟ್ಟೂರು ಬಸವೇಶ್ವರನೋ ಉಚ್ಚಂಗಿದುರ್ಗದ ಎಲ್ಲಮ್ಮನೋ, ಬೆಡಗು ಯಾವುದು, ಭದ್ರಾ ನಾಲೆ ಕೆಳಗೆ ಗದ್ದೆ ಎಷ್ಟೆಕರೆ, ಊರಲ್ಲಿ ಸೈಟು ಎಷ್ಟಕ್ಕೆಷ್ಟು ಎಲ್ಲ ಖಚಿತ. (1951ರಲ್ಲಿ ಪೋಚಂಪಲ್ಲಿಯಿಂದ ಹೊರಟು, ಇದ್ದವರು ಇಲ್ಲದವರಿಗೆ ಭೂಮಿ ಕೊಡಿ ಎಂದು ವರ್ಷಗಟ್ಟಲೆ ನಡೆದವರ ಹೆಸರಿನ ಬಡಾವಣೆಯಲ್ಲಿ ಕೂತು ನಾವು '30x40, ಮೇಲೆ ಎರಡು ಬಾಡಿಗೆ ಮನೆ' ಎಂದು ಟೈಪ್ ಮಾಡಿಸುತ್ತೇವೆ. ಇರಲಿ.) ಮುಗ್ಗರಿಸುವುದು ಹವ್ಯಾಸದ ಸಾಲಿನಲ್ಲಿ. ಆಸ್ತಿಯ ವಿಷಯದಲ್ಲಿ ಒಂದು ಗುಂಟೆ ಹೆಚ್ಚು ಹೇಳಲು ಅಂಜುವ ಮನುಷ್ಯ ಇಲ್ಲಿ ಸಲೀಸಾಗಿ ಸುಳ್ಳು ಹೇಳುತ್ತಾನೆ.

ಈ ಸುಳ್ಳಿಗೆ ತಾಲೀಮು ಸಿಕ್ಕಿದ್ದು ಶಾಲೆಯಲ್ಲಿ. 'ನನ್ನ ಹವ್ಯಾಸ' ಎಂಬ ಪ್ರಬಂಧಕ್ಕೆ ನಾವು ನಲವತ್ತು ಹುಡುಗರೂ 'ಅಂಚೆಚೀಟಿ ಸಂಗ್ರಹ' ಎಂದೇ ಬರೆದಿದ್ದೆವು. ನಮ್ಮಲ್ಲಿ ಒಬ್ಬನ ಮನೆಗೂ ಹೊರದೇಶದ ಕಾಗದ ಬರುತ್ತಿರಲಿಲ್ಲ. ನನಗೆ ಹತ್ತಕ್ಕೆ ಎಂಟು ಬಂತು. ಮಂಡಕ್ಕಿ ಭಟ್ಟಿಯ ಬಿಸಿ ಮರಳಿನಲ್ಲಿ ಅಕ್ಕಿ ಅರಳುವುದನ್ನು ಗಂಟೆಗಟ್ಟಲೆ ನೋಡುತ್ತ ನಿಲ್ಲುವುದು ನನ್ನ ನಿಜವಾದ ಹವ್ಯಾಸವಾಗಿತ್ತು. ಅದನ್ನು ಬರೆಯಬಹುದೆಂದು ಹೊಳೆಯಲೇ ಇಲ್ಲ.

ಬಾಯಿಮಾತಿನ ಪರಿಚಯದ ಕತೆ ಬೇರೆ. ದಾವಣಗೆರೆಯಲ್ಲಿ ಯಾರನ್ನು ಕಂಡರೂ ಮೊದಲ ಪ್ರಶ್ನೆ "ಯಾವೂರು?" ಎದುರಿನವರು ಹುಟ್ಟಿದ್ದು, ಓದಿದ್ದು, ಅಂಗಡಿ ಇಟ್ಟಿದ್ದು ಎಲ್ಲ ಇಲ್ಲೇ ಆದರೂ "ದಾವಣಗೆರೆ" ಎಂದರೆ ಕೇಳಿದವರಿಗೆ ಸಮಾಧಾನವಿಲ್ಲ. "ಅಲ್ರೀ, ಮೂಲ?" ಹತ್ತಿ ಮಿಲ್ಲುಗಳ ಕೂಲಿಗೆ, ದಲ್ಲಾಳಿ ಮಂಡಿಗೆ, ಆಮೇಲೆ ಕಾಲೇಜುಗಳಿಗೆ ಎಂದು ಸುತ್ತಲ ಸೀಮೆಯಿಂದ ಬಂದು ಕಟ್ಟಿದ ಊರಿದು, 1997ರವರೆಗೆ ಜಿಲ್ಲೆ ಕೂಡ ಚಿತ್ರದುರ್ಗವೇ. ಹಾಗಾಗಿ ಆ ಪ್ರಶ್ನೆಯನ್ನು ನಾನು ಪೂರ್ತಿ ಬೈಯಲಾರೆ. ಜಗಳೂರು ಕಡೆ ಎಂದರೆ ಮಳೆಯ ಮಾತು, ಚನ್ನಗಿರಿ ಎಂದರೆ ಅಡಿಕೆ ಧಾರಣೆ, ಮಲೇಬೆನ್ನೂರು ಎಂದರೆ ನಾಲೆಯ ಕೊನೆಭಾಗಕ್ಕೆ ನೀರು ಬಂತೋ ಇಲ್ಲವೋ. ಹೀಗೆ ಮಿರ್ಚಿ ಮುಗಿಯುವಷ್ಟರಲ್ಲಿ ಒಂದು ಸಂಬಂಧ ಹುಟ್ಟಿರುತ್ತದೆ. ಕಿರಿಕಿರಿ ಇರುವುದು ಎರಡನೆಯ ಪ್ರಶ್ನೆಯಲ್ಲಿ: "ಯಾರ ಪೈಕಿ?" ಯಾರವನೆಂದು ಎಣಿಸಬೇಡ ಎನ್ನುವ ಬಸವಣ್ಣನ ವಚನವನ್ನು ಸಭೆಯಲ್ಲಿ ಪ್ರಾರ್ಥನೆಯಾಗಿ ಹಾಡಿ, ಊಟದ ಪಂಕ್ತಿಯಲ್ಲಿ ಪಕ್ಕದವರನ್ನು ಇದೇ ಪ್ರಶ್ನೆ ಕೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ ಹಳೆಯದು, ಉತ್ತರವೂ ಹಳೆಯದು. ಹರಿಹರದ ಹರಿಹರೇಶ್ವರ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ದಂಡನಾಯಕ ಪೋಲಾಳ್ವ. ಆ ಕಾಲದ ಯಾವ ದಾನಶಾಸನ ತೆಗೆದರೂ ವಂಶ, ಬಿರುದು, ಒಡೆಯನ ಹೆಸರು ಸಾಲುಗಟ್ಟಿ ಬಂದ ಮೇಲೆಯೇ ವಿಷಯ. ಬಯೋಡೇಟಾದ ಮೇಲರ್ಧದ ಮುತ್ತಾತ ಈ ಪ್ರಶಸ್ತಿ ಭಾಗವೇ. ಅದಕ್ಕೂ ಮೂರು ಶತಮಾನ ಹಿಂದೆ ಪಂಪ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿದ್ದ. ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ಮುತ್ತಜ್ಜನ ತಂದೆ ಮಾಧವ ಸೋಮಯಾಜಿಯಿಂದ ಹಿಡಿದು, ಜೈನನಾದ ಅಪ್ಪನವರೆಗೆ ಮನೆತನವನ್ನು ಹೇಳುತ್ತಾನೆ ಸರಿ. ಆದಿಪುರಾಣದಲ್ಲಿ ತನ್ನ ಶ್ಯಾಮಲ ಮೈಬಣ್ಣ, ಮೆತ್ತನೆಯ ಗುಂಗುರು ಕೂದಲನ್ನೂ ಹೇಳುತ್ತಾನೆ. ವಂಶಾವಳಿಯನ್ನು ಅಣ್ಣತಮ್ಮಂದಿರ ಜೊತೆ ಹಂಚಿಕೊಳ್ಳಬೇಕು, ಗುಂಗುರು ಕೂದಲು ಅವನೊಬ್ಬನದು. ಪರಿಚಯವನ್ನು ತೂಗಲು ನಾನು ಬಳಸುವ ತಕ್ಕಡಿ ಇದೇ: ಇನ್ನೊಬ್ಬನ ಹೆಸರು ಹಾಕಿದರೆ ಸುಳ್ಳಾಗುವ ಮಾತು ಇದರಲ್ಲಿ ಒಂದಾದರೂ ಇದೆಯೇ?

ಆ ತಕ್ಕಡಿಯಲ್ಲಿ ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಕಲ್ಲಿನಂತೆ ಕೂರುತ್ತದೆ. 1948ರಲ್ಲಿ ಬಂದ ಪುಸ್ತಕ, ಆಗ ಅವರಿಗೆ ನಲವತ್ತಾರು. ಕೋಟದಲ್ಲಿ ಹುಟ್ಟಿದವರು ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟು, ಖಾದಿ, ಪತ್ರಿಕೆ, ನಾಟಕ, ಮೂಕಿಚಿತ್ರ, ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ, ಯಕ್ಷಗಾನ ಎಂದು ಒಂದರ ಹಿಂದೊಂದು ಹಿಡಿಯುತ್ತ ಹೋದರು. ಒಬ್ಬ ಮನುಷ್ಯ ಮೂರು ಸಂಪುಟದ 'ಬಾಲಪ್ರಪಂಚ'ವನ್ನು ಬರೆಯಲು ಕೂರುವುದು ಯಾವ ಬಯೋಡೇಟಾದ ಹವ್ಯಾಸದ ಸಾಲಿಗೆ ಹಿಡಿದೀತು? ಕಾರಂತರ ಹೆಚ್ಚುಗಾರಿಕೆ ಎಂದರೆ, ಗೀಳನ್ನು ಅವರು ಬಿಡುವಿನ ವೇಳೆಗೆ ತಳ್ಳಲಿಲ್ಲ. ಅದೇ ಬದುಕು, ಮನೆ, ಮನೆತನ, ಸಂಪಾದನೆ ಎಲ್ಲ ಅದರ ಸುತ್ತ ಜಾಗ ಹುಡುಕಿಕೊಳ್ಳಬೇಕು. ಸೋತದ್ದನ್ನು, ಕೈಸುಟ್ಟುಕೊಂಡದ್ದನ್ನು ಗೆದ್ದದ್ದರ ಪಕ್ಕದಲ್ಲೇ ಇಡುತ್ತಾರೆ.

ತಕರಾರೂ ಇದೆ. ತನ್ನನ್ನು ತಾನೇ ಮೊದಲು ಹುಚ್ಚ ಎಂದುಕೊಂಡುಬಿಟ್ಟರೆ ಬೇರೆಯವರು ಅನ್ನಲು ಏನೂ ಉಳಿಯುವುದಿಲ್ಲ. ಶೀರ್ಷಿಕೆಯ ಆ ವಿನಯದೊಳಗೆ ಒಂದು ಠೇಂಕಾರವಿದೆ. ಮನೆಯೊಳಗಿನ ಮಾತಿಗಿಂತ ಹೊರಗಿನ ಪ್ರಯೋಗಗಳಿಗೆ ಅಲ್ಲಿ ಜಾಗ ಹೆಚ್ಚು ಎಂದು ಓದಿದಾಗಲೆಲ್ಲ ನನಗೆ ಅನಿಸಿದೆ. ಹತ್ತು ಮುಖ ಹೊತ್ತವನ ಮನೆಯಲ್ಲಿ ಅನ್ನಕ್ಕಿಟ್ಟವರು ಏನೆನ್ನುತ್ತಿದ್ದರು? ಆ ಕಡೆಯ ದನಿ ಬೇಕಾದವರು ಕುವೆಂಪು ಮಗ ತೇಜಸ್ವಿಯವರ 'ಅಣ್ಣನ ನೆನಪು' ಓದಬೇಕು. ಅದು 1996ರದ್ದು. ಅಲ್ಲಿ ಕುವೆಂಪು ತಾವೇ ಪರಿಚಯ ಹೇಳಿಕೊಳ್ಳುವುದಿಲ್ಲ, ಮನೆ ಹೇಳುತ್ತದೆ. ಮೈಸೂರಿನ ಉದಯರವಿಯಲ್ಲಿ ಮಕ್ಕಳ ಕಿತಾಪತಿಯ ನಡುವೆ ಮಹಾಕವಿ ಬರೀ ಅಪ್ಪನಾಗಿ ಓಡಾಡುತ್ತಾರೆ. ಸ್ವಂತ ಬಾಯಿಂದ ಬಂದ ಯಾವ ಪರಿಚಯಕ್ಕೂ ಈ ಸಲಿಗೆ ದಕ್ಕುವುದು ಕಷ್ಟ.

ಅಂಗಡಿಯಲ್ಲಿ ಇಪ್ಪತ್ತು ಕಾಪಿ ಹೊರಬಂದವು, ಬಿಸಿಬಿಸಿ, ಮೂಲೆಯಲ್ಲಿ ಬಣ್ಣದ ಗಣಪತಿ. ಹಿರಿಯರು ಒಂದೊಂದನ್ನೂ ಎಣಿಸಿ, ಚಿಲ್ಲರೆಗಾಗಿ ಜೇಬು ತಡಕುತ್ತಿದ್ದರು. ಮಗ ನನ್ನ ಕಡೆ ನೋಡಿ ನಕ್ಕ. ಎಷ್ಟು ಪಾರಿವಾಳ ಅದಾವಪ್ಪ ಎಂದೆ. ಅಷ್ಟು ಸಾಕಾಯಿತು.

"ನಲವತ್ತೆರಡು ಅಂಕಲ್. ಹೋದ ಭಾನುವಾರ ಒಂದನ್ನ ಬುಟ್ಟಿಯಾಗೆ ಇಟ್ಕೊಂಡು ಹರಿಹರಕ್ಕೆ ಹೋಗಿದ್ದೆ. ಹೊಳೆ ಬ್ರಿಡ್ಜ್ ಮೇಲೆ ಬಿಟ್ಟೆ. ಒಂದ್ ಸುತ್ತು ಹೊಡೀತು, ಎರಡ್ ಸುತ್ತು ಹೊಡೀತು, ಆಮೇಲೆ ಸೀದಾ ಈ ಕಡೆ. ನಾನೂ ಗಾಡಿ ಹತ್ತಿದೆ. ಬಂದು ನೋಡ್ತೀನಿ, ಟೆರೇಸ್ ಮೇಲೆ ಜೋಳ ತಿಂತಾ ಕೂತೈತಿ! ನಮ್ಮಪ್ಪನೇ ಕಾಳು ಹಾಕಿದ್ರು."

ಹಿರಿಯರು ಕೇಳಿಸದವರಂತೆ ಕಾಪಿಗಳನ್ನು ಕವರಿಗೆ ಸೇರಿಸಿದರು. ಇಷ್ಟೆಲ್ಲ ಬರೆಯುವ ನನ್ನ ಬಾಯಿಗೂ ಆ ಹೊತ್ತಿಗೆ ಬಂದದ್ದು ಒಂದೇ ಪ್ರಶ್ನೆ: "ಮೂಲ ಯಾವೂರಪ್ಪ?"

"ಬಿಳಿಚೋಡು ಅಂಕಲ್," ಎಂದ ಹುಡುಗ. "ಹಕ್ಕಿವು ಬೆಂಗಳೂರು."