ಗುಂಡು ಹಾರುವ ಮೊದಲು, ಹಾರಿದ ಮೇಲೆ

ಬೇಟೆನಾಯಿ ಎಂದಕೂಡಲೇ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಮುಧೋಳ. ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ನೀಳ ಕಾಲು. ಬಯಲಿನಲ್ಲಿ ಮೊಲ ಕಂಡರೆ ಬೆನ್ನಟ್ಟಿ ತಾನೇ ಹಿಡಿಯುತ್ತದೆ. ಬಂದೂಕೂ ಬೇಡ, ಯಜಮಾನನ ಅಪ್ಪಣೆಯೂ ಬೇಡ. ಕಣ್ಣನ್ನು ನಂಬಿ ಬೇಟೆಯಾಡುವ ನಾಯಿಗಳ ದೊಡ್ಡತನ ಅದು. ಬಂದೂಕು ಹಿಡಿದವನಿಗೆ ಅವು ಒಗ್ಗದಿರುವುದಕ್ಕೂ ಅದೇ ಕಾರಣ. ಅವನಿಗೆ ಬೇಕಾದದ್ದು ಮೂಗು ಚುರುಕಿರುವ, ಹಕ್ಕಿ ಕಾಲಬುಡದಿಂದ ಎದ್ದರೂ ತಡೆದು ಕೂರಬಲ್ಲ ನಾಯಿ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಬ್ರಿಟನ್ನಿನಲ್ಲಿ ಹಕ್ಕಿ ಶಿಕಾರಿ ಇಂದಿಗೂ ಕಾನೂನಿನ ಕಟ್ಟಿನೊಳಗೆ ನಡೆಯುತ್ತಿದೆ. ಅಲ್ಲಿ ಗ್ರೌಸ್ ಹಂಗಾಮು ಶುರುವಾಗುವುದು ಆಗಸ್ಟ್ 12ಕ್ಕೆ. ಇಂಗ್ಲೆಂಡಿನಲ್ಲಿ ಫೆಸೆಂಟ್ ಹಂಗಾಮು ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಕೆಲಸಕ್ಕೆ ತಕ್ಕ ನಾಯಿಯನ್ನು ಆರಿಸುವ ವಿದ್ಯೆ ಕಲಿಯಬೇಕೆಂದರೆ ನಾನು ನೋಡುವುದು ಆ ಕಡೆಗೇ.

ತಳಿ ಹುಡುಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಯಿಯ ಕೆಲಸ ಇರುವುದು ಗುಂಡು ಹಾರುವ ಮೊದಲೋ, ಹಾರಿದ ಮೇಲೋ?

ಮೊದಲೇ ಎಂದಾದರೆ ಪಾಯಿಂಟರ್ ಮತ್ತು ಸೆಟರ್. ಸ್ಕಾಟ್ಲೆಂಡಿನ ಹೆದರ್ ಪೊದೆಯ ಗುಡ್ಡಗಳಲ್ಲಿ ಇವು ಗಾಳಿಗೆ ಮುಖಮಾಡಿ ಎಡಬಲಕ್ಕೆ ದೂರದೂರ ಓಡುತ್ತವೆ. ಗ್ರೌಸ್ ವಾಸನೆ ಮೂಗಿಗೆ ಬಡಿದ ಕ್ಷಣ ಓಟ ಅರ್ಧಕ್ಕೇ ನಿಲ್ಲುತ್ತದೆ. ಬಾಲ ಸೆಟೆಯುತ್ತದೆ, ಕೆಲವೊಮ್ಮೆ ಮುಂಗಾಲೊಂದು ಎತ್ತಿದಲ್ಲೇ ಉಳಿಯುತ್ತದೆ. ಜೊತೆಯ ನಾಯಿಗೆ ವಾಸನೆ ಸಿಕ್ಕಿರದಿದ್ದರೂ ಮೊದಲನೆಯದನ್ನು ಕಂಡು ತಾನೂ ನಿಲ್ಲುತ್ತದೆ. ನೋಡಲು ಇದಕ್ಕಿಂತ ಚೆಂದದ ನಾಯಿಗೆಲಸ ಇನ್ನೊಂದಿಲ್ಲ. ಆದರೆ ವಿಶಾಲ ಬಯಲಿಲ್ಲದವರು ಪಾಯಿಂಟರ್ ಸಾಕುವುದು ಅದಕ್ಕೆ ಮಾಡುವ ಅನ್ಯಾಯ.

ಮುಳ್ಳುಪೊದೆ, ದಟ್ಟ ಕುರುಚಲು ಇದ್ದಲ್ಲಿ ಸ್ಪ್ಯಾನಿಯಲ್ಲೇ ಸೈ. ತೇಜಸ್ವಿಯವರ 'ಪರಿಸರದ ಕತೆ' ಓದಿದವರಿಗೆ ಈ ಜಾತಿಯ ಪರಿಚಯ ಆಗಿರುತ್ತದೆ. ಬಂದೂಕಿನ ಅಳತೆಯೊಳಗೇ ನುಗ್ಗಿ ಹುಡುಕಬೇಕು, ಹಕ್ಕಿ ಎಬ್ಬಿಸಬೇಕು, ಎದ್ದ ತಕ್ಷಣ ಕುಂಡೆಯೂರಿ ಕೂರಬೇಕು, ಹೇಳಿದ ಮೇಲಷ್ಟೇ ಹೋಗಿ ತರಬೇಕು. ಅಷ್ಟು ಉರಿಯುವ ಉತ್ಸಾಹವನ್ನು ಒಂದು ಸೀಟಿಗೆ ತಡೆದು ಕೂರಿಸುವುದು ಪಳಗಿದ ಕೈಗೂ ಸುಲಭವಲ್ಲ.

ಹಾರಿದ ಮೇಲಿನ ಕೆಲಸ ರಿಟ್ರೀವರ್‌ಗಳದ್ದು. 19ನೇ ಶತಮಾನದ ನಡುವಿನಲ್ಲಿ ಹಿಂದಿನಿಂದ ತೋಟಾ ತುಂಬುವ ಬಂದೂಕು ಬಳಕೆಗೆ ಬಂತು. ದಿನವೊಂದಕ್ಕೆ ಬೀಳುವ ಹಕ್ಕಿಗಳು ಹೆಚ್ಚಿದವು, ಹೆಕ್ಕಿ ತರಲು ನಾಯಿ ಬೇಕಾಯಿತು. ನ್ಯೂಫೌಂಡ್ಲೆಂಡಿನ ಬೆಸ್ತರ ನೀರುನಾಯಿಯ ವಂಶದ ಲ್ಯಾಬ್ರಡಾರ್ ಈ ಕೆಲಸಕ್ಕೆ ನಿಂತಿತು. 1903ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಅದನ್ನು ತಳಿಯಾಗಿ ಮಾನ್ಯ ಮಾಡಿತು. ಸುತ್ತ ಗುಂಡು ಸಿಡಿಯುತ್ತಿದ್ದರೂ ಅದು ಯಜಮಾನನ ಮಗ್ಗುಲಲ್ಲಿ ಸದ್ದಿಲ್ಲದೆ ಕೂರಬೇಕು. ಶಿಕಾರಿನಾಯಿಗಳ ಸ್ಪರ್ಧೆಯಾದ ಫೀಲ್ಡ್ ಟ್ರಯಲ್‌ನಲ್ಲಿ ಕುಂಯ್‌ಗುಟ್ಟಿದರೂ ಹೊರಗೆ. ತಂದ ಹಕ್ಕಿಯನ್ನು ತೀರ್ಪುಗಾರ ಅಂಗೈಯಲ್ಲಿಟ್ಟು ಪಕ್ಕೆಲುಬುಗಳನ್ನು ಬೆರಳಲ್ಲಿ ಒತ್ತಿ ನೋಡುತ್ತಾನೆ. ನಾಯಿ ಕಚ್ಚಿ ಎಲುಬು ಮುರಿದಿದ್ದರೆ ಅಲ್ಲಿಗೆ ಅದರ ಸ್ಪರ್ಧೆ ಮುಗಿಯಿತು.

ತಳಿ ಗೊತ್ತಾದರೆ ಸಾಲದು, ವಂಶ ಗೊತ್ತಾಗಬೇಕು. ಪ್ರದರ್ಶನಕ್ಕೆಂದು ಬೆಳೆಸಿದ ಸ್ಪ್ರಿಂಗರ್ ಸ್ಪ್ಯಾನಿಯಲ್ ಮತ್ತು ಕೆಲಸಕ್ಕೆಂದು ಬೆಳೆಸಿದ ಸ್ಪ್ರಿಂಗರ್ ಇವತ್ತು ಎರಡು ಬೇರೆ ನಾಯಿಗಳೆಂದೇ ಹೇಳಬೇಕು. ಮೊದಲನೆಯದು ಭಾರ, ಜೋಲುಗಿವಿ, ಉದ್ದ ಕೂದಲು. ಎರಡನೆಯದು ಚಿಕ್ಕದು, ಹಗುರ, ನಿಂತಲ್ಲಿ ನಿಲ್ಲದು. ಚೆಂದದ ಫೋಟೋ ನೋಡಿ ಮರಿ ತರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ತಾಯಿ ಕೆಲಸ ಮಾಡುವುದನ್ನು ಹಂಗಾಮಿನಲ್ಲೇ ಹೋಗಿ ಕಣ್ಣಾರೆ ನೋಡಿ. ಸೊಂಟದ ಕೀಲಿನ ಎಕ್ಸ್‌ರೇ, ಕಣ್ಣಿನ ತಪಾಸಣೆಯ ಕಾಗದ ಕೇಳಿ. ಲ್ಯಾಬ್ರಡಾರ್ ಆದರೆ ಇಐಸಿ ಪರೀಕ್ಷೆಯನ್ನೂ ಕೇಳಿ. ಆ ಆನುವಂಶಿಕ ದೋಷವಿದ್ದ ನಾಯಿ ಜೋರು ಓಟದ ನಡುವೆ ಹಿಂಗಾಲು ಸೋತು ಕುಸಿಯುತ್ತದೆ.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಸೋಫಾ ಕಚ್ಚಿ ಬೈಸಿಕೊಳ್ಳುವ ಲ್ಯಾಬ್ರಡಾರ್‌ಗಳೂ ಇದೇ ಕುಲದವು. ಬಚ್ಚಿಟ್ಟ ಚೆಂಡನ್ನು ಮೂಗಿನಿಂದ ಹುಡುಕಿ ತರುವ ಕೆಲಸ ದಿನಾ ಕೊಟ್ಟು ನೋಡಿ, ಅದರ ಚಡಪಡಿಕೆ ಎಷ್ಟೋ ಇಳಿಯುತ್ತದೆ. ಬ್ರಿಟನ್ನಿನಲ್ಲೇ ನೆಲೆಸಿ ಮೊದಲ ಸಲ ಶಿಕಾರಿನಾಯಿ ಸಾಕುವವರಿಗೂ ನನ್ನ ಆಯ್ಕೆ ಇದೇ: ಕೆಲಸದ ವಂಶದ, ಶಾಂತ ತಾಯಿಯ ಲ್ಯಾಬ್ರಡಾರ್ ಹೆಣ್ಣುಮರಿ. ಸ್ಪ್ಯಾನಿಯಲ್ ಎರಡನೇ ನಾಯಿಯಾಗಿ ಬರಲಿ.