ಮೂಕಿ ಹೊರುವ ಜಾಕಿ
ಮಿನ್ನೆಸೋಟದ ಕೆರೆದಂಡೆಗಳಲ್ಲಿ ಬೇಸಿಗೆ ಬಂತೆಂದರೆ ಎಲ್ಲರ ಕಣ್ಣೂ ದೋಣಿಯ ಮೇಲೆ. ನನ್ನ ಮೆಚ್ಚುಗೆ ಮಾತ್ರ ಅದನ್ನು ಹೊರುವ ಟ್ರೇಲರಿನ ಮೂಕಿಗೆ ಬಿಗಿದ ಜಾಕಿಗೆ. ಒಂದರೊಳಗೊಂದು ಜಾರುವ ಎರಡು ಕೊಳವೆ, ಒಳಗೆ ದಪ್ಪ ತಿರುಪು, ಬುಡದಲ್ಲೊಂದು ಪುಟ್ಟ ಗಾಲಿ. ಹಿಡಿ ತಿರುವಿದರೆ ಮೂಕಿ ಕಾರಿನ ಹಿಂಬದಿಯ ಕೊಂಡಿಗುಂಡಿನ ಎತ್ತರಕ್ಕೆ ಏಳುತ್ತದೆ; ದೋಣಿ, ಟ್ರೇಲರುಗಳ ಒಟ್ಟು ತೂಕದ ಸುಮಾರು ಶೇ. 10ರಷ್ಟು ಭಾರ ಜಾಕಿಯ ತಲೆಯ ಮೇಲೆ!

ಜಾಕಿ ಅಲ್ಲಾಡತೊಡಗಿದರೆ ಬೈಗುಳವೆಲ್ಲ ಗಾಲಿಗೆ, ಪಾಪ. ಎಷ್ಟೋ ಸಲ ದೋಷವಿರುವುದು ಮೇಲೆ: ಬೋಲ್ಟು ಸಡಿಲಾಗಿರುತ್ತದೆ, ಇಲ್ಲವೇ ಮಡಚುವ ಕೀಲಿನ ಪಿನ್ನಿನ ತೂತು ಸವೆದು ಹಿಗ್ಗಿರುತ್ತದೆ. ಚಕ್ರಗಳಿಗೆ ಕಲ್ಲು ಕೊಟ್ಟು, ಮೂಕಿಯಡಿ ದಿಮ್ಮಿ ಇಟ್ಟೇ ಸ್ಪ್ಯಾನರ್ ಹಿಡಿಯಬೇಕು. ತೂತೇ ಸವೆದಿದ್ದರೆ ಬ್ರಾಕೆಟ್ ಬದಲಿಸಿ. ತಗಡಿನ ಚೂರು ತುರುಕುವ ಜಾಣತನ ನನಗೊಪ್ಪದು. ಒಳಕೊಳವೆ ಪೂರ್ತಿ ಹೊರಬಂದಾಗ ತುಸು ಅಲುಗುವುದು ಜಾಕಿಯ ಹುಟ್ಟುಗುಣ. ಗಾಲಿಯಡಿ ದಪ್ಪ ಹಲಗೆಯಿಟ್ಟರೆ ಕೊಳವೆಯನ್ನು ಅಷ್ಟು ಇಳಿಸಬೇಕಾಗುವುದೇ ಇಲ್ಲ.