ಆಯುಧದ ಪದ್ಯದಲ್ಲಿ ಬೀಸುಕಲ್ಲು

ನಮ್ಮ ಸೀಮೆಯ ಮಗುವಿಗೆ ಬಂದೂಕಿಗೆ ಮೂರು ಹೆಸರು ಗೊತ್ತು. ಮನೆಯಲ್ಲಿ ಬಂದೂಕು, ಬೀದಿಯ ತೆಲುಗಿನಲ್ಲಿ ತುಪಾಕಿ, ಕನ್ನಡ ಪುಸ್ತಕ ತೆರೆದರೆ ಕೋವಿ. ಈ ಸಂಚಿಕೆಯ ಕಾಸರಗೋಡಿನ ಓದುಗರ ಮಕ್ಕಳಿಗೆ ಇನ್ನೆರಡು ಸೇರುತ್ತವೆ: ಬೆಡಿ, ಮತ್ತು ಮಲಯಾಳದ ತೋಕ್ಕು. ಅದರಲ್ಲೂ ಬೆಡಿ ಎಂಬ ಮಾತು ವಿಚಿತ್ರವಾದುದು. ತೋಟದ ಮನೆಯ ಕೋವಿಯೂ ಬೆಡಿ, ಕುಂಬಳೆಯ ಜಾತ್ರೆಯ ಸುಡುಮದ್ದೂ ಬೆಡಿ. ಒಂದರ ಸದ್ದಿಗೆ ಮಗು ಚಪ್ಪಾಳೆ ತಟ್ಟುತ್ತದೆ. ಇನ್ನೊಂದರ ಸದ್ದಿಗೆ ತಾಯಿ ಬಾಗಿಲು ಹಾಕುತ್ತಾಳೆ.

ಚಿಕ್ಕ ಮಕ್ಕಳಿಗೆ ಹೆತ್ತವರು ಬಂದೂಕು ಹಿಡಿಯುವುದನ್ನು ಕಲಿಸಬೇಕೆ ಎಂಬುದು ಕಾನೂನಿನ ಮಟ್ಟಿಗೆ ಬಹುಪಾಲು ಬಗೆಹರಿದ ಪ್ರಶ್ನೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ 21 ವರ್ಷ ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ನಿಗದಿಯಾದ ಷರತ್ತುಗಳೊಳಗಿನ ತರಬೇತಿಗಷ್ಟೇ ವಿನಾಯಿತಿ. ಆದರೆ ಮಗುವಿನ ಕೈಗೆ ಆಯುಧ ಮೊದಲು ಬರುವುದು ಕಬ್ಬಿಣವಾಗಿ ಅಲ್ಲ, ಮಾತಾಗಿ. ಪಾಠದಲ್ಲಿ ಬರುತ್ತದೆ, ಲಾವಣಿಯಲ್ಲಿ ಬರುತ್ತದೆ, ಅಜ್ಜನ ಕಥೆಯಲ್ಲಿ ಬರುತ್ತದೆ. ಆದ್ದರಿಂದ ಇದು ಸಾಹಿತ್ಯ ವಿಮರ್ಶೆಯ ಪ್ರಶ್ನೆಯೂ ಹೌದೆಂದು ತಿಳಿದು ಇಲ್ಲಿ ಕೆಲವು ಮಾತು ಬರೆಯುತ್ತಿದ್ದೇನೆ.

ದೂರದ ಓದುಗರಿಗೆ ನಮ್ಮ ಊರುಗಳ ಪರಿಚಯ ಸ್ವಲ್ಪ ಬೇಕಾಗುತ್ತದೆ. ನಾನಿರುವುದು ಮಕ್ತಲ್ ಕಡೆ. ಕೃಷ್ಣೆಯ ಈಚೆ ಮಕ್ತಲ್ ಮತ್ತು ನಾರಾಯಣಪೇಟೆ, ಆಚೆ ಗದ್ವಾಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿದಾಗ ಅದರ ಗದ್ವಾಲ, ಆಲಂಪುರ ತಾಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಹೋದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಇದರಿಂದಲೇ ನಿಮಗೂ ನಮಗೂ ಒಂದು ಬಗೆಯ ಬಾಂಧವ್ಯ. ಒಂದೇ ದಿನ ಹುಟ್ಟಿದ ಅಲ್ಪಸಂಖ್ಯಾತರು ನಾವು. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಅದು ನಮ್ಮ ಭಾಗ್ಯ. ಪುಸ್ತಕಕ್ಕೆ ಮಾತ್ರ ರಾಯಚೂರಿನ ಬಸ್ಸು ಹತ್ತಬೇಕು.

ಇಲ್ಲಿ ಬಂದೂಕಿನ ನೆನಪು ಹಳೆಯ ಕಾಲದ್ದಷ್ಟೇ ಅಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹಿಂದುಮುಂದಿನ ದಿನಗಳನ್ನು ಹಿರಿಯರು ರಜಾಕಾರರ ಕಾಲವೆಂದೇ ಹೇಳುತ್ತ ಬಂದರು. ಆಮೇಲೆ 2005ರ ಆಗಸ್ಟ್ 15. ಅಂದು ನಾರಾಯಣಪೇಟೆಯಲ್ಲಿ ಮಕ್ತಲ್ ಶಾಸಕ ಚಿಟ್ಟೆಂ ನರ್ಸಿರೆಡ್ಡಿಯವರನ್ನು ಮಾವೋವಾದಿಗಳು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಅವರ ಮಗನೂ ಇದ್ದರು. ಸ್ವಾತಂತ್ರ್ಯೋತ್ಸವದ ದಿನ ಅಂಗಿಗೆ ಧ್ವಜ ಚುಚ್ಚಿಕೊಂಡು ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದ ಆಗಿನ ಮಕ್ಕಳು ಈಗ ತಾವೇ ತಂದೆತಾಯಿಗಳಾಗಿದ್ದಾರೆ. ಅವರ ಮಕ್ಕಳಿಗೆ ಬಂದೂಕಿನ ಬಗ್ಗೆ ಏನು ಹೇಳುವುದು ಎಂಬುದು ನಮ್ಮಲ್ಲಿ ಹರಟೆಯ ವಿಷಯವಲ್ಲ.

ನಾವು ಏನು ಹೇಳುತ್ತಿದ್ದೇವೆ ಎಂಬುದನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ನೋಡಬಹುದು. ಛದ್ಮವೇಷ ಸ್ಪರ್ಧೆ. ಐದಾರು ವರ್ಷದ ಸಂಗೊಳ್ಳಿ ರಾಯಣ್ಣಂದಿರು, ಚೆನ್ನಮ್ಮಂದಿರು, ರಟ್ಟಿನ ಕತ್ತಿ, ಸಂತೆಯ ಪಿಸ್ತೂಲು. ಮಗು ಎರಡು ವಾಕ್ಯ ಗದರಿಸುತ್ತದೆ, ಚಪ್ಪಾಳೆ ಬೀಳುತ್ತದೆ. ಇದರಲ್ಲಿ ಪಾಪವೇನೂ ಇಲ್ಲ. ಆದರೆ ಒಂದು ಸಂಶಯ ನನ್ನನ್ನು ಬಿಡುವುದಿಲ್ಲ. ಮಗುವಿಗೆ ಭಾಷೆಯನ್ನು ಪೂರ್ತಿಯಾಗಿ ಕೊಡಲಾರದ ನಾವು, ಅದರ ಬದಲಿಗೆ ಭಾಷೆಯ ಶೌರ್ಯವನ್ನು ಕೊಡುತ್ತಿದ್ದೇವೆ. ಓದು ಬರಹ ಕಷ್ಟ, ಕತ್ತಿ ಬೀಸುವುದು ಸುಲಭ. ಗಡಿನಾಡಿನಲ್ಲಿ ಈ ವ್ಯಾಪಾರ ಒಳನಾಡಿಗಿಂತ ಹೆಚ್ಚು. ಯಾಕೆಂದರೆ ನಮ್ಮ ನಷ್ಟವೂ ಹೆಚ್ಚು.

ಈ ಶೌರ್ಯಕ್ಕೆ ನಾವು ಆಧಾರವಾಗಿ ಹಿಡಿಯುವ ಕೃತಿಗಳಲ್ಲಿ ಹಲಗಲಿ ಬೇಡರ ಲಾವಣಿ ಮುಖ್ಯವಾದುದು. ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪುಸ್ತಕದಿಂದಾಗಿ ಅದು ಗಡಿಯ ಈಚೆಗೂ ಬಂದಿದೆ. ಕಥೆ ಎಲ್ಲರಿಗೂ ತಿಳಿದದ್ದೇ. 1857ರಲ್ಲಿ ಕುಂಪಣಿ ಸರ್ಕಾರ ನಿಶ್ಶಸ್ತ್ರೀಕರಣದ ಹುಕುಮು ಹೊರಡಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲವೆಂದರು. ಆ ವರ್ಷದ ನವೆಂಬರಿನಲ್ಲಿ ದಂಡು ಬಂತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಬರೆದಿಟ್ಟು ಅಚ್ಚಿಗೆ ಕೊಟ್ಟವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಬೇಡರ ಆಯುಧ ಕಸಿದ ಸರ್ಕಾರದ ನೌಕರನೇ ಅವರ ಹಾಡನ್ನು ಉಳಿಸಿದ. ಚರಿತ್ರೆಗೆ ಇಂಥ ಚೇಷ್ಟೆಗಳು ಇಷ್ಟ.

ಶಾಲೆಯಲ್ಲಿ, ವೇದಿಕೆಯಲ್ಲಿ, ಈ ಲಾವಣಿಯ ಮೊದಲ ಅರ್ಧವೇ ಮೊಳಗುತ್ತದೆ. ಹುಕುಮು ಬಂದದ್ದು, ಒಲ್ಲೆವೆಂದದ್ದು, ಕಾರಕೂನನಿಗೆ ಏಟು ಬಿದ್ದದ್ದು, ಕಾಳಗ. ಗಮಕಕ್ಕೆ ಒಗ್ಗುವ ಭಾಗ ಇದು. ಅದರ ಕೊನೆಯ ಭಾಗವನ್ನು ಬಲ್ಲವರು ಗಮನಿಸಿರಬೇಕು: ದಂಡು ಊರನ್ನು ಕೊಳ್ಳೆ ಹೊಡೆಯುವಲ್ಲಿ ಕವಿ ಒಂದು ಪಟ್ಟಿ ಹಾಕುತ್ತಾನೆ. ಯಾವ ಪಟ್ಟಿ? ಈಟಿ, ಕತ್ತಿ, ಬಂದೂಕುಗಳದ್ದಲ್ಲ. ಅಡಿಗೆಮನೆಯದು. ಹಾಲುಮೊಸರು, ಉಪ್ಪೆಣ್ಣೆ, ಒಗ್ಗರಣೆಯ ಜೀರಿಗೆ, ಉಣ್ಣುವ ತಾಟು, ಹೆಂಗಸಿನ ಕೊರಳ ತಾಳಿ, ಕಡೆಗೆ ಜೋಳ ಬೀಸುವ ಕಲ್ಲು. ಊರಿನ ಗುರುತೂ ಉಳಿಯದಂತಾಯಿತೆಂದು ಹಾಡು ಮುಗಿಯುತ್ತದೆ.

ನನ್ನ ದೃಷ್ಟಿಯಲ್ಲಿ ಈ ಪಟ್ಟಿಯೇ ಲಾವಣಿಯ ಜೀವಾಳ. ಕವಿ ಬೇಡರ ಪಕ್ಷದವನು, ಅದರಲ್ಲಿ ಅನುಮಾನವಿಲ್ಲ. ಆಯುಧ ಬಿಡದವರನ್ನು ಅವನು ಹೊಗಳಿಯೇ ಹೊಗಳುತ್ತಾನೆ. ಬೇಟೆಯೇ ಬದುಕಾದವನಿಗೆ ಹತಾರವೆಂದರೆ ರೈತನಿಗೆ ಕುಂಟೆ ಕೂರಿಗೆ ಇದ್ದಂತೆ ಎಂಬುದನ್ನೂ ಬಲ್ಲ. ಆದರೂ ಲೆಕ್ಕ ಹಾಕುವ ಹೊತ್ತಿಗೆ ಅವನ ಕಣ್ಣು ಹೋದದ್ದು ಬೀಸುಕಲ್ಲಿನ ಮೇಲೆ. ಬೀಸುಕಲ್ಲನ್ನು ಯಾರು ಕದಿಯುತ್ತಾರೆ? ಭಾರವಾದದ್ದು, ಬೆಲೆಯಿಲ್ಲದ್ದು. ಅದೂ ಹೋಯಿತೆಂದರೆ ಆ ಊರಿನಲ್ಲಿ ನಾಳೆ ಬೆಳಿಗ್ಗೆ ಮಕ್ಕಳಿಗೆ ರೊಟ್ಟಿಯಿಲ್ಲ ಎಂದರ್ಥ. ಮಕ್ಕಳ ಹೆಸರೆತ್ತದೆಯೇ ಮಕ್ಕಳ ಪಾಡನ್ನು ಹೇಳಿದ ಪದ್ಯ ಇದು. ಇದನ್ನು ಅರ್ಧಕ್ಕೆ ನಿಲ್ಲಿಸಿ ಹಾಡಿಸುವುದು ಕವಿಗೆ ಮಾಡುವ ಅನ್ಯಾಯ. ಗದ್ವಾಲ, ಮಕ್ತಲ್ ಸುತ್ತಿನಲ್ಲಿ ಬೋಯ, ವಾಲ್ಮೀಕಿ ಎಂದು ಕರೆಸಿಕೊಳ್ಳುವ ಬೇಡ ಮನೆತನಗಳು ಬಹಳ. ತಮ್ಮ ಪೂರ್ವಿಕರ ಕಥೆಯೆಂದು ಕೇಳುವ ಆ ಮನೆಯ ಹುಡುಗನಿಗೆ ಪೂರ್ತಿ ಹಾಡು ಕೇಳುವ ಹಕ್ಕಿದೆ.

ನಾರಾಯಣಪೇಟೆಯಿಂದ ಗಡಿ ದಾಟಿದರೆ ಯಾದಗಿರಿ ಜಿಲ್ಲೆ. ಅಲ್ಲಿನ ಸುರಪುರವೂ ಬೇಡ ನಾಯಕರ ಸಂಸ್ಥಾನವೇ. ಅದರ ಕಥೆಯನ್ನು ಹೇಳಿದವನು ಮೆಡೋಸ್ ಟೇಲರ್, ಅವನ ಸಾವಿನ ಮರುವರ್ಷ 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ. 1841ರಲ್ಲಿ ಅವನು ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಆ ಹುಡುಗ ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜ್ಯ ರಾಜನ ಕೈಗೆ ಬಂತು. 1858ರಲ್ಲಿ ಬಂಡಾಯ, ಸೋಲು, ಸೆರೆ. ಶಿಕ್ಷೆ ತಗ್ಗಿ ನಾಲ್ಕು ವರ್ಷದ ಬಂಧನಕ್ಕಿಳಿದು ಚೆಂಗಲ್ಪಟ್ಟಿಗೆ ಒಯ್ಯುವಾಗ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಯುವಕ ಸತ್ತ. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆಯುತ್ತಾನೆ. ಕೊಂದರೆಂದು ನಂಬುವವರೂ ಉಂಟು.

ಟೇಲರನ ಪುಸ್ತಕದಲ್ಲಿ ಆಡಳಿತಗಾರನ ಅಹಂಕಾರ ಬೇಕಾದಷ್ಟಿದೆ. ಅದನ್ನು ಕನ್ನಡ ಓದುಗ ಜರಡಿ ಹಿಡಿದೇ ಓದಬೇಕು. ಆದರೆ ಸೆರೆಮನೆಯಲ್ಲಿ ಸಾಕುಮಗನನ್ನು ಕಂಡ ಪ್ರಸಂಗದಲ್ಲಿ ಆ ಅಹಂಕಾರ ಕರಗಿಹೋಗುತ್ತದೆ. ಕಂದಾಯ, ಸಾಲ, ಜಮಾಬಂದಿ ಎಲ್ಲವನ್ನೂ ನೇರ್ಪುಗೊಳಿಸಿದೆನೆಂದು ನೂರಾರು ಪುಟ ಹೇಳಿಕೊಂಡವನು, ತಾನು ಬೆಳೆಸಿದ ಹುಡುಗನ ಎದುರು ಬರಿಗೈಯಲ್ಲಿ ನಿಂತಿದ್ದಾನೆ. ವೆಂಕಟಪ್ಪ ನಾಯಕನನ್ನು ನಾವು ಕುದುರೆಯ ಮೇಲೆ, ಕತ್ತಿಯೊಂದಿಗೆ ಚಿತ್ರಿಸಿ ಮಕ್ಕಳಿಗೆ ತೋರಿಸುತ್ತೇವೆ. ಇಪ್ಪತ್ತೈದೂ ತುಂಬದವನೊಬ್ಬ ಅಪ್ಪಾ ಎಂದು ಕರೆದ ಆ ಚಿತ್ರವನ್ನು ಯಾರೂ ಬರೆಸಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಆಯುಧವನ್ನು ಮನೆಯೊಳಗೇ ಇಟ್ಟುಕೊಂಡು, ಮಗುವಿಗೆ ಅದರ ಪರಿಚಯ ಮಾಡಿಸುವ ಸಮಾಜ ನಮ್ಮಲ್ಲಿ ಇಲ್ಲವೇ ಎಂದರೆ, ಇದೆ. ಕೊಡಗು. ಗಂಡು ಮಗು ಹುಟ್ಟಿದರೆ ಕೋವಿಯ ಗುಂಡು ಹಾರಿಸುವ, ಕೂಸಿನ ಕೈಗೆ ಹರಳುಕಡ್ಡಿಯ ಪುಟ್ಟ ಬಿಲ್ಲುಬಾಣ ಮುಟ್ಟಿಸುವ ಸಂಪ್ರದಾಯ ಕೊಡವರದು. ಸಾವಿನಲ್ಲೂ ಗುಂಡಿನ ಸದ್ದು ಇರಬೇಕು. ಜಮ್ಮಾ ಹಿಡುವಳಿದಾರರಿಗೂ ಕೊಡವರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯನ್ನು ನೋಡಿದವರಿಗೆ ಅಲ್ಲಿಯ ಹಾಡಿಗೂ ಹಬ್ಬಕ್ಕೂ ಮನೆತನಕ್ಕೂ ಇರುವ ನಂಟು ತಿಳಿಯುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದಿಟ್ಟು ತೋಕ್ ಪೂ ಸಿಕ್ಕಿಸುತ್ತಾರೆ. ಮಲಯಾಳದ ತೋಕ್ಕನ್ನು ಬಲ್ಲವರಿಗೆ ಈ ಹೆಸರು ಬಿಡಿಸಿ ಹೇಳಬೇಕಿಲ್ಲ: ಕೋವಿಯ ಹೂವು. ಬೆಂಕಿಯ ನಾಲಗೆಯಂಥ ಎಸಳಿನ ಚೆಲುವಾದ ಹೂ. ಗೆಡ್ಡೆ ಮಾತ್ರ ಘೋರ ವಿಷ. ಆ ಹೂವನ್ನೇ ಕೋವಿಗೆ ಮುಡಿಸಬೇಕೆಂದು ಮೊದಲು ಆರಿಸಿದವರು ಯಾವ ಕವಿಗೂ ಕಡಿಮೆಯವರಲ್ಲ.

ಆದರೆ ಕೊಡಗನ್ನು ತೋರಿಸಿ, ನಾವೂ ಕಲಿಸಬಾರದೇಕೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಕೋವಿಯ ಸುತ್ತ ಒಕ್ಕ ಇದೆ, ಐನ್‌ಮನೆ ಇದೆ, ಹಿರಿಯರ ಕಣ್ಣಿದೆ, ಹಬ್ಬದ ಕಟ್ಟಳೆಯಿದೆ. ಆ ಕಟ್ಟಳೆಯನ್ನೆಲ್ಲ ಬಿಟ್ಟು ಕೋವಿಯನ್ನಷ್ಟೇ ಸಾಲ ತರಲು ಬರುವುದಿಲ್ಲ. ಕಟ್ಟಳೆ ಸಡಿಲಿದ ಕಡೆ ಬರಿಯ ಕೋವಿ ಏನು ಮಾಡುತ್ತದೆಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಊರಿನ ಪ್ರಕರಣವಿದೆ. 2021ರ ನವೆಂಬರ್ 30ರಂದು 15 ವರ್ಷದ ಹುಡುಗನೊಬ್ಬ ತನ್ನ ಶಾಲೆಯ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಪಿಸ್ತೂಲು ಕೆಲವೇ ದಿನಗಳ ಹಿಂದೆ ತಂದೆ ಅವನಿಗಾಗಿ ಕೊಂಡದ್ದು. ತಾಯಿ ಅವನನ್ನು ಗುರಿ ಹೊಡೆಯುವ ಅಭ್ಯಾಸಕ್ಕೂ ಕರೆದೊಯ್ದಿದ್ದಳು. 2024ರಲ್ಲಿ ನ್ಯಾಯಾಲಯ ತಂದೆತಾಯಿ ಇಬ್ಬರನ್ನೂ ಅಪರಾಧಿಗಳೆಂದಿತು. ನಮ್ಮ ಊರುಗಳಿಂದ ಹೋದ ಮಕ್ಕಳು ಮೊಮ್ಮಕ್ಕಳು ಅಂಥ ಊರುಗಳಲ್ಲೇ ಶಾಲೆಗೆ ಹೋಗುತ್ತಿದ್ದಾರೆ.

ಕ್ರೀಡೆಯ ಮಾತು ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ತಂದ ಮೇಲೆ ಹೆಣ್ಣುಮಕ್ಕಳನ್ನು ಶೂಟಿಂಗ್ ಅಭ್ಯಾಸಕ್ಕೆ ಕಳಿಸುವ ಆಸೆ ಎಷ್ಟೋ ತಾಯ್ತಂದೆಯರಿಗೆ ಹುಟ್ಟಿತು. ಅಲ್ಲಿ ಕಲಿಸುವವನು ತಂದೆಯಲ್ಲ, ತರಬೇತುದಾರ, ಗುರಿ ಕಾಗದದ್ದು. ಅದಕ್ಕೆ ನನ್ನ ತಕರಾರಿಲ್ಲ.

ಇನ್ನು ಮಕ್ಕಳಿಗೆ ಓದಲು ಕೊಡಬಹುದಾದ ಕೋವಿಯ ಪುಸ್ತಕ ಯಾವುದು ಎಂದರೆ, ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯನ್ನು ಮೊದಲು ಹೇಳುತ್ತೇನೆ. 1991ರ ಪುಸ್ತಕ. ತೇಜಸ್ವಿ ಕೋವಿ ಹಿಡಿದು ಕಾಡು ಅಲೆದವರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರ ಬರವಣಿಗೆಯಲ್ಲಿ ಬೇಟೆಯೆಂದರೆ ಬಹುಪಾಲು ಕಾಯುವುದು, ಕೆಸರು, ನಾಯಿಯ ಅವಾಂತರ, ಜತೆಗಾರರ ಸುಳ್ಳು. ವೀರಾವೇಶವನ್ನು ನಗೆಯಿಂದಲೇ ಇಳಿಸಿಬಿಡುತ್ತಾರೆ. ಅದೇ ಪುಸ್ತಕದಲ್ಲಿ ಮಗಳು ಸುಸ್ಮಿತ ಮತ್ತು ಒಂದು ಹಕ್ಕಿಮರಿಯ ಅಧ್ಯಾಯವೂ ಇದೆ. ಕೋವಿಯಿರುವ ಮನೆಯಲ್ಲಿ ಮಗುವಿನ ಕೈಗೆ ಬಂದದ್ದು ಹಕ್ಕಿಮರಿ. ಲೇಖಕರು ಇದರ ಮೇಲೆ ಉಪದೇಶ ಮಾಡಹೋಗುವುದಿಲ್ಲ. ಎರಡೂ ಒಂದೇ ರಟ್ಟಿನೊಳಗೆ ಸುಮ್ಮನಿವೆ. ನಾಯಿ, ಕಾಡು, ಕೋವಿ ಎಂದು ಪಟ್ಟಿ ಮಾಡಿ ಇದನ್ನು ಸಾಹಸದ ಪುಸ್ತಕವೆನ್ನುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಕಾಸರಗೋಡಿನ ತೋಟದ ಮನೆಗಳಲ್ಲಿ ಈ ಪ್ರಶ್ನೆ ಪುಸ್ತಕದ ಆಚೆಗೂ ಇದೆಯೆಂದು ಬಲ್ಲೆ. ಕಾಡುಹಂದಿಯ ಕಾಟಕ್ಕೆ ಪರವಾನಗಿಯುಳ್ಳ ಕೋವಿ ಅಲ್ಲಿ ಕೃಷಿಯ ಸಲಕರಣೆ. ಉಪದ್ರವದ ಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು 2022ರಲ್ಲಿ ಕೇರಳ ಸರ್ಕಾರ ಪಂಚಾಯತಿ ಅಧ್ಯಕ್ಷರಿಗೇ ಕೊಟ್ಟಿತು. ಅಂಥ ಮನೆಯ ಮಗುವಿಗೆ ಹೆತ್ತವರು ಕಲಿಸಲೇಬೇಕಾದ ಸಂಗತಿಗಳು ಕೆಲವಿವೆ. ಅದು ಆಟಿಕೆಯಲ್ಲ, ಖಾಲಿಯೆಂದು ಯಾರು ಹೇಳಿದರೂ ಖಾಲಿಯಲ್ಲ, ದೊಡ್ಡವರಿಲ್ಲದಾಗ ಕಂಡರೆ ಮುಟ್ಟದೆ ಬಂದು ಹೇಳಬೇಕು. ಗುಂಡು ಒಂದು ಕಡೆ, ಕೋವಿ ಇನ್ನೊಂದು ಕಡೆ, ಎರಡಕ್ಕೂ ಬೀಗ; ಇದು ಮಗು ಕಲಿಯಬೇಕಾದದ್ದಲ್ಲ, ತಂದೆ ಮಾಡಬೇಕಾದದ್ದು. ಗುರಿ ಹಿಡಿಯುವ ಪಾಠಕ್ಕೆ ಕಾನೂನು ಹೇಳುವ ವಯಸ್ಸು ಬರಲಿ.

ನಮ್ಮ ಕಡೆಯ ಮನೆಗಳಲ್ಲಿ ಅಂಥ ಕೋವಿಗಳು ಕಡಿಮೆ. ಇಲ್ಲಿ ಇರುವುದು ಲಾವಣಿ. ಬರುವ ರಾಜ್ಯೋತ್ಸವಕ್ಕೆ ಮಕ್ಕಳಿಂದ ಅದನ್ನು ಹಾಡಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ: ಹೊತ್ತಾಯಿತೆಂದು ಕಾಳಗಕ್ಕೇ ನಿಲ್ಲಿಸಬೇಡಿ, ಬೀಸುಕಲ್ಲಿನವರೆಗೂ ಹಾಡಿಸಿ. ಐದಾರು ನಿಮಿಷ ಹೆಚ್ಚು ಹಿಡಿಯಬಹುದು.